ಕೂಲಿ ಮಾಡುವವರು ಎಂಎಲ್‌ಎ ಚುನಾವಣೆಗೆ ನಿಲ್ಲೋಕಾಗುತ್ತಾ?

ಪ್ರಶ್ನೆ: ನಾನು ಗಾರೆ ಕೆಲಸಕ್ಕೆ ಹೋಗುವವನು. ಜಮೀನಿಲ್ಲ, ಯಾವ ಪಕ್ಷದಲ್ಲೂ ಇಲ್ಲ. ನಮ್ಮ ತಾಲೂಕಿನಿಂದ ಎಂಎಲ್‌ಎ ಚುನಾವಣೆಗೆ ನಿಲ್ಲಬಹುದಾ? ದುಡ್ಡು ಎಷ್ಟು ಬೇಕಾಗುತ್ತೆ?

ಉತ್ತರ: ಖಂಡಿತ ನಿಲ್ಲಬಹುದು. ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೀಸಲು ಕ್ಷೇತ್ರವಾದರೆ ಆ ವರ್ಗಕ್ಕೆ ಸೇರಿರಬೇಕು. ಎಷ್ಟು ಓದಿದ್ದೀರಿ, ಎಷ್ಟು ಎಕರೆ ಇದೆ ಅನ್ನೋದರ ಮೇಲೆ ಕಾನೂನು ಯಾರನ್ನೂ ತಡೆಯುವುದಿಲ್ಲ.

ಮೊದಲು ಠೇವಣಿ ವಿಷಯ. ವಿಧಾನಸಭೆಗೆ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000, ಅವರು ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಆಯಿತು. ಆ ಲೆಕ್ಕದಲ್ಲಿ 10,000 ಅಂದರೆ 27 ದಿನದ ದುಡಿಮೆ. 2023ರಲ್ಲಿ ಯಾದಗಿರಿಯ ಒಬ್ಬ ಪಕ್ಷೇತರ ಅಭ್ಯರ್ಥಿ ಇದನ್ನು ಮತದಾರರಿಂದಲೇ ಒಂದೊಂದು ರೂಪಾಯಿಯಾಗಿ ಎತ್ತಿ, ನಾಣ್ಯಗಳನ್ನೇ ತಂದು ಕಟ್ಟಿದರು. ಅಧಿಕಾರಿಗಳು ಕೂತು ಎಣಿಸಿದರು. ಅಂದರೆ ಠೇವಣಿ ಹೇಗೋ ಹೊಂದಿಸಬಹುದು. ಆದರೆ ಬಿದ್ದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಸಿಗದೆ ಸೋತರೆ ಅದು ವಾಪಸ್ ಬರುವುದಿಲ್ಲ.

ಇನ್ನು ನಾಮಪತ್ರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು, ಯಾಕಂದರೆ ಬಡವರ ನಾಮಪತ್ರ ಇಂಥ ಕಡೆಯೇ ಬೀಳುತ್ತದೆ. ಸಹಿ ಬರುವ ಸೂಚಕರು ಮನೆಯಲ್ಲೇ ಸಹಿ ಹಾಕಿಕೊಡಬಹುದು. ಹೆಬ್ಬೆಟ್ಟು ಒತ್ತುವವರಾದರೆ ಹಾಗಾಗುವುದಿಲ್ಲ. ಚುನಾವಣಾಧಿಕಾರಿ ಅಥವಾ ಚುನಾವಣಾ ಆಯೋಗ ಸೂಚಿಸಿದ ಅಧಿಕಾರಿಯ ಎದುರಿಗೇ ಒತ್ತಬೇಕು, ಅವರು ಅದನ್ನು ದೃಢೀಕರಿಸಿ ಸಹಿ ಮಾಡಬೇಕು. ಕೂಲಿಯವರಿಗೆ ಸೂಚಕರಾಗುವವರು ಜೊತೆಗೆ ದುಡಿಯುವವರೇ ಅಲ್ವಾ, ಅದರಲ್ಲಿ ನಾಲ್ಕು ಜನ ಹೆಬ್ಬೆಟ್ಟಿನವರಿದ್ದರೆ ಆ ನಾಲ್ಕೂ ಜನರ ಒಂದು ದಿನದ ಕೂಲಿ ಹೋಯಿತು. ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲೂ (ಆಸ್ತಿಪಾಸ್ತಿ ಘೋಷಿಸುವ ಪ್ರಮಾಣಪತ್ರ) ಯಾವ ಕಲಂ ಅನ್ನೂ ಖಾಲಿ ಬಿಡಬೇಡಿ. ಆಸ್ತಿ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ. ಖಾಲಿ ಬಿಟ್ಟು, ಕೇಳಿದ ಮೇಲೂ ತುಂಬಿಕೊಡದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಚುನಾವಣಾ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ.

ಇಷ್ಟು ಕಾಗದದ ಕೆಲಸ. ನಿಜವಾದ ಖರ್ಚು ನಿಮ್ಮ ದಿನಗಳದ್ದು. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಎದುರಿನವರು ಅಷ್ಟು ಹಾಕುವಾಗ ನೀವು ಕೆಲಸ ಬಿಟ್ಟು, ಮನೆಗೆ ಅಕ್ಕಿ ಬೇಳೆ ಹೊಂದಿಸಿ, ಹಳ್ಳಿ ಹಳ್ಳಿ ತಿರುಗಬೇಕು. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನಿದೆ, ಸ್ಪರ್ಧಿಸುವ ದಿನಗೂಲಿಯವರಿಗೆ ಅಂಥದ್ದು ಏನೂ ಇಲ್ಲ. ಮತದಾರರ ಪಟ್ಟಿಯ ಪ್ರತಿ ಕೂಡ ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಉಚಿತ. ದುಡ್ಡಿಲ್ಲದವರಿಗೆ ಮೊದಲು ಸಿಗಬೇಕಾದ್ದು ಇದೇ, ನನಗಂತೂ ಇದು ಅನ್ಯಾಯ ಅನಿಸುತ್ತದೆ.

ಹಾಗಾದರೆ ಗೆದ್ದವರು ಹೇಗೆ ಗೆದ್ದರು? 2021ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯ ಸಾಲ್ತೋರಾದಿಂದ ಗೆದ್ದ ಚಂದನಾ ಬೌರಿ ಅವರ ಗಂಡ ಗಾರೆ ಕೆಲಸದವರು, ಆಕೆ ಘೋಷಿಸಿದ ಆಸ್ತಿ ಸುಮಾರು 32 ಸಾವಿರ ರೂಪಾಯಿ. ಆದರೆ ಬೆನ್ನಿಗೆ ಬಿಜೆಪಿ ಇತ್ತು. 2022ರಲ್ಲಿ ಪಂಜಾಬಿನ ಭದೌರ್‌ನಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ ಲಾಭ್ ಸಿಂಗ್ ಉಗೋಕೆ ಆಗಿನ ಮುಖ್ಯಮಂತ್ರಿ ಚನ್ನಿಯವರನ್ನೇ ಸೋಲಿಸಿದರು, ಅಲ್ಲಿ ಆಮ್ ಆದ್ಮಿ ಅಲೆ ಇತ್ತು. 2023ರಲ್ಲಿ ಮಧ್ಯಪ್ರದೇಶದ ಸೈಲಾನಾದಿಂದ ಗೆದ್ದ ಕಮಲೇಶ್ವರ್ ಡೋಡಿಯಾರ್ ಕೂಲಿ ಮಾಡಿ ಬೆಳೆದವರು, ದೊಡ್ಡ ಪಕ್ಷ ಯಾವುದೂ ಜೊತೆಗಿರಲಿಲ್ಲ, ಭಾರತ್ ಆದಿವಾಸಿ ಪಕ್ಷದ ಹುಡುಗರು ಊರೂರು ಓಡಾಡಿದರು.

ನಮ್ಮಲ್ಲೇ ನೋಡಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಶುರುವಾದ ಕಾಗೋಡು ಸತ್ಯಾಗ್ರಹ 1951ರದ್ದು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. ಒಂದು ಓಟು ಕೊಡಿ, ಜೊತೆಗೆ ಒಂದು ನೋಟೂ ಕೊಡಿ ಅಂತ ಅವರು ಕೇಳುತ್ತಿದ್ದರೆಂದು ಮಲೆನಾಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ಆ ಚುನಾವಣೆಗೂ ಮೊದಲು ಗೇಣಿದಾರರು ಒಟ್ಟಾಗಿ ಜೈಲಿಗೆ ಹೋಗಿ ಬಂದಿದ್ದರು. ಹೋರಾಟ ಮೊದಲು, ಚುನಾವಣೆ ಆಮೇಲೆ.

ಅದಕ್ಕೇ ನನ್ನ ಸಲಹೆ ಇಷ್ಟು: ಒಬ್ಬರೇ, ಸಾಲ ಮಾಡಿ, ನೇರ ವಿಧಾನಸಭೆಗೆ ನಿಲ್ಲಬೇಡಿ. ಮೊದಲು ಗ್ರಾಮ ಪಂಚಾಯಿತಿಗೆ ನಿಲ್ಲಿ. 21 ವರ್ಷ ಸಾಕು, ಪಕ್ಷದ ಚಿಹ್ನೆ ಇರುವುದಿಲ್ಲ, 2020ರ ಚುನಾವಣೆಯಲ್ಲಿ ಠೇವಣಿ 200 ರೂಪಾಯಿ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 100 ಇತ್ತು. ಕ್ಷೇತ್ರ ಅಂದರೆ ನೀವು ಹುಟ್ಟಿ ಬೆಳೆದ ಕೇರಿ, ಪಕ್ಕದ ಕೇರಿ. ಸಂಜೆ ಕೆಲಸದಿಂದ ಬಂದ ಮೇಲೂ ನಡೆದು ಮುಗಿಸಬಹುದು. ಕಟ್ಟಡ ಕಾರ್ಮಿಕರ ಸಂಘ ಹತ್ತಿರದಲ್ಲಿದ್ದರೆ ಸೇರಿಕೊಳ್ಳಿ, ಇಲ್ಲದಿದ್ದರೆ ನೀವೇ ಕಟ್ಟಿ.

ಇಷ್ಟಾದರೂ ಈ ಸಲವೇ ವಿಧಾನಸಭೆಗೆ ನಿಲ್ಲುತ್ತೇನೆ ಅಂದರೆ ನಿಮ್ಮ ಹಕ್ಕು ಅದು, ಧೈರ್ಯವಾಗಿ ನಿಲ್ಲಿ. ಒಂದನ್ನು ಮಾತ್ರ ಮರೆಯಬೇಡಿ. ಸೋತರೂ ಸರಿ, ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಹಾಗಾಗಿ ಟೀ ಅಂಗಡಿಯ ಚೀಟಿಯಿಂದ ಹಿಡಿದು ಆಟೋ ಬಾಡಿಗೆವರೆಗೆ ಎಲ್ಲ ರಸೀದಿಯನ್ನೂ ಒಂದು ಚೀಲದಲ್ಲಿ ಇಟ್ಟುಕೊಳ್ಳಿ, ಲೆಕ್ಕ ಬರುವ ಒಬ್ಬರನ್ನು ಮೊದಲ ದಿನದಿಂದಲೇ ಆ ಕೆಲಸಕ್ಕೆ ಕೂರಿಸಿ.