ಬದನೆ ಹೂವನ್ನು ಅಲ್ಲಾಡಿಸುವವರು

ಬದನೆ ಗಿಡದ ತುಂಬ ಹೂ, ಕಾಯಿ ಮಾತ್ರ ನಾಲ್ಕೇ ನಾಲ್ಕು. ಉಳಿದ ಹೂವೆಲ್ಲ ಬುಡದಲ್ಲಿ ಬಿದ್ದಿರುತ್ತದೆ. 'ಯಾರದೋ ಕಣ್ಣು ಬಿತ್ತು' ಅಂತ ಹಳೇ ಚಪ್ಪಲಿ ಕಟ್ಟೋದು ನಮ್ಮ ದಾವಣಗೆರೆ ಕಡೆ ಇನ್ನೂ ನಿಂತಿಲ್ಲ. ಓದಿದವರ ಬಡಾವಣೆಗಳಲ್ಲೂ ತಾರಸಿ ಕುಂಡದ ಪಕ್ಕ ಚಪ್ಪಲಿ ನೇತಾಡುತ್ತಿರುತ್ತದೆ. ಕಣ್ಣು ಹಾಕಿದವರನ್ನು ಹುಡುಕುವ ಬದಲು ಹೂವನ್ನೇ ಒಮ್ಮೆ ಬಗ್ಗಿ ನೋಡಬಾರದೇ?

ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬದನೆಯಲ್ಲಿ ಎಲ್ಲ ಹೂವೂ ಒಂದೇ ಥರ ಇರುವುದಿಲ್ಲ. ಕೆಲವು ಹೂಗಳಲ್ಲಿ ನಡುವಿನ ಹೆಣ್ಣು ಕಡ್ಡಿ ಉದ್ದವಾಗಿದ್ದು, ಹಳದಿ ಕೇಸರಗಳನ್ನು ದಾಟಿ ಹೊರಗೆ ಇಣುಕುತ್ತದೆ. ಕೆಲವುಗಳಲ್ಲಿ ಅದು ಗಿಡ್ಡ, ಕೇಸರಗಳ ಒಳಗೇ ಹುದುಗಿರುತ್ತದೆ. ಈ ಗಿಡ್ಡ ಕಡ್ಡಿಯ ಹೂಗಳು ಕಾಯಿ ಕಟ್ಟುವುದು ತೀರಾ ಅಪರೂಪ. ಅವು ಉದುರಿದರೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಉದ್ದ ಕಡ್ಡಿಯವೂ ಉದುರುತ್ತಿದ್ದರೆ ಮಾತ್ರ ಯೋಚನೆ ಮಾಡಬೇಕು.

ಆಗ ಸಿಗುವ ಸಲಹೆ ಯಾವಾಗಲೂ ಒಂದೇ: ಜೇನು ಪೆಟ್ಟಿಗೆ ತಂದಿಡಿ. ಚಳ್ಳಕೆರೆ ಕಡೆಯ ಸೂರ್ಯಕಾಂತಿ ಹೊಲಕ್ಕೋ, ಈರುಳ್ಳಿ ಬೀಜದ ಬೆಳೆಗೋ ಇದು ಚಿನ್ನದಂಥ ಮಾತು. ಬದನೆ, ಟೊಮೆಟೊಗೆ ಮಾತ್ರ ಪೆಟ್ಟಿಗೆ ಜೇನಿನಿಂದ ಹೆಚ್ಚು ಉಪಯೋಗವಿಲ್ಲ. ಯಾಕೆ ಅನ್ನೋದು ನನಗೆ ಎಷ್ಟು ಸಲ ಹೇಳಿದರೂ ಸಾಕಾಗದ ಕಥೆ.

ಹೆಚ್ಚಿನ ಹೂಗಳಲ್ಲಿ ಪರಾಗದ ಚೀಲ ಉದ್ದಕ್ಕೂ ಬಿರಿಯುತ್ತದೆ. ಪರಾಗ ಹೊರಗೇ ಅಂಟಿಕೊಂಡಿರುತ್ತದೆ, ಬಂದ ಹುಳ ಮೈಗೆ ಮೆತ್ತಿಕೊಂಡು ಹೋಗುತ್ತದೆ. ಬದನೆಯ ಚೀಲ ಹಾಗಲ್ಲ. ಅದರ ತುದಿಯಲ್ಲಿ ಎರಡು ಸಣ್ಣ ತೂತು, ಅಷ್ಟೇ. ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ಇದೆಯಲ್ಲ, ಹಾಗೆ. ಸುಮ್ನೆ ಬಗ್ಗಿಸಿ ಹಿಡಿದರೆ ಬೀಳೋದು ಕಮ್ಮಿ, ಅಲ್ಲಾಡಿಸಬೇಕು. ಟೊಮೆಟೊದಲ್ಲಿ ಕೇಸರಗಳೆಲ್ಲ ಕೂಡಿಕೊಂಡು ಕೊಳವೆಯಾಗಿರುತ್ತವೆ. ಪರಾಗ ಒಳಗಡೆ ಬಿಡುಗಡೆಯಾಗಿ ಕೊಳವೆಯ ತುದಿಯಿಂದ ಹೊರಗೆ ಬರಬೇಕು. ಎರಡಕ್ಕೂ ಗಾಳಿ ಸ್ವಲ್ಪ ಸಹಾಯ ಮಾಡುತ್ತದೆ. ಚೆನ್ನಾಗಿ ಅಲ್ಲಾಡಿಸುವವರು ಬೇರೆಯೇ ಇದ್ದಾರೆ.

ಜೇನುಗಳ ಹಾರುವ ಸ್ನಾಯು ನೇರವಾಗಿ ರೆಕ್ಕೆಗೆ ಕಟ್ಟಿಕೊಂಡಿಲ್ಲ. ಅದು ಎದೆಯ ಗೂಡನ್ನು ಹಿಂಡಿ ಬಿಡುತ್ತದೆ, ಆ ಗೂಡಿನ ಅದುರಾಟಕ್ಕೆ ರೆಕ್ಕೆ ಬಡಿಯುತ್ತದೆ. ಹಾಗಾಗಿ ರೆಕ್ಕೆ ಮಡಚಿಟ್ಟು ಸ್ನಾಯುವನ್ನಷ್ಟೇ ಓಡಿಸಲು ಸಾಧ್ಯ. ಕೆಲವು ಜಾತಿಯ ಜೇನುಗಳು ಇದನ್ನೇ ಮಾಡುತ್ತವೆ. ಬದನೆ ಕೇಸರವನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಮೈಯನ್ನು ಅದರ ಸುತ್ತ ಬಗ್ಗಿಸಿ, ರೆಕ್ಕೆ ಮಡಚಿ, ಇಡೀ ಮೈ ಅದುರಿಸುತ್ತವೆ. ಸೆಕೆಂಡಿಗೆ ನೂರಾರು ಸಲ! ಪರಾಗ ತೂತಿನಿಂದ ಚಿಮ್ಮಿ ಹೊಟ್ಟೆಯ ಕೂದಲಿಗೆ ಅಂಟುತ್ತದೆ. ಇದನ್ನು ಕಿವಿಯಿಂದಲೇ ಕಂಡುಹಿಡಿಯಬಹುದು. ಹಾರುವಾಗ ಗುಂಯ್ ಎನ್ನುತ್ತಿದ್ದದ್ದು ಹೂವಿನ ಮೇಲೆ ಕೂತ ಕೂಡಲೇ ಸಣ್ಣ ದನಿಗೆ ಏರುತ್ತದೆ. ರೆಕ್ಕೆ ಬೀಸುವ ಭಾರ ಇಲ್ಲವಲ್ಲ, ಅದಕ್ಕೆ ಅದುರಾಟ ಇನ್ನೂ ಚುರುಕು.

ಹೆಜ್ಜೇನು, ತುಡುವೆ, ಕೋಲುಜೇನು ಈ ಕೆಲಸ ಮಾಡುವುದಿಲ್ಲ. ನಮ್ಮ ಊರುಗಳಲ್ಲಿ ಮಾಡುವವರು ನೀಲಿ ಪಟ್ಟೆಯ ಜೇನು ಮತ್ತು ಮರ ಕೊರೆಯುವ ಕರಿದುಂಬಿ. ಆಸ್ಟ್ರೇಲಿಯಾದ ಒಂದು ನೀಲಿ ಪಟ್ಟೆ ಜೇನು ಟೊಮೆಟೊ ಕೇಸರಕ್ಕೆ ಸೆಕೆಂಡಿಗೆ ಸುಮಾರು 350 ಸಲ ತಲೆ ಚಚ್ಚುತ್ತದೆ.

ಇದರ ಬೆಲೆ ಯುರೋಪಿನವರಿಗೆ ತಡವಾಗಿ ಗೊತ್ತಾಯಿತು. ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುತ್ತಿದ್ದವರು ಆಳು ಇಟ್ಟು, ಅದುರುವ ಕಡ್ಡಿ ಕೊಟ್ಟು, ಗೊಂಚಲು ಗೊಂಚಲನ್ನೂ ಅಲ್ಲಾಡಿಸುತ್ತಿದ್ದರು. 1985ರಲ್ಲಿ ಬೆಲ್ಜಿಯಂನ ಪಶುವೈದ್ಯ ರೋಲಂಡ್ ಡಿ ಯೋಂಗೆ, ಹೂವನ್ನು ಹೀಗೇ ಅದುರಿಸುವ ಬಂಬಲ್‌ಬೀ ಎಂಬ ಜೇನನ್ನು ಬಿಟ್ಟು ನೋಡಿದರು. ಎರಡೇ ವರ್ಷದಲ್ಲಿ ಅದು ಕಂಪನಿಯೇ ಆಯಿತು. ಆ ಬಂಬಲ್‌ಬೀಗಾಗಿ ಇಲ್ಲಿ ಹುಡುಕಬೇಡಿ. ಭಾರತದಲ್ಲಿ ಅದರ ಬೀಡು ಹಿಮಾಲಯದ ಕಡೆ.

ನಮ್ಮಲ್ಲಿರುವ ಜೇನುಗಳಿಗೆ ಏನು ಬೇಕು? ಮೊದಲನೆಯದು ಮಣ್ಣು. ನೀಲಿ ಪಟ್ಟೆ ಜೇನು ಗುಂಪು ಕಟ್ಟುವುದಿಲ್ಲ. ಒಂದೊಂದು ಹೆಣ್ಣೂ ಬರಿ ನೆಲದಲ್ಲೋ ಮಣ್ಣಿನ ಗೋಡೆಯಲ್ಲೋ ತೂತು ಮಾಡಿ ಮೊಟ್ಟೆ ಇಡುತ್ತದೆ. ಬಯಲುಸೀಮೆಯ ಹಳೇ ಮಾಳಿಗೆ ಮನೆಗಳ ಗೋಡೆ ಅದಕ್ಕೆ ಅರಮನೆ. ಈಗ ಅಂಗಳಕ್ಕೆಲ್ಲ ಕಾಂಕ್ರೀಟ್, ಅದರ ಮೇಲೆ ಟೈಲ್ಸ್. ಹೂ ನೆಟ್ಟು ಮಣ್ಣು ಮುಚ್ಚಿದರೆ ಊಟಕ್ಕೆ ಕರೆದು ಮನೆ ಕೆಡವಿದಂತಾಗುತ್ತದೆ, ಅಲ್ವಾ? ಬಿಸಿಲು ಬೀಳುವ ಒಂದು ಮೂಲೆಯನ್ನು ಅಗೆಯದೆ, ಮುಚ್ಚದೆ ಬಿಡಿ. ಇದರ ಗಂಡುಗಳಿಗೆ ಗೂಡೇ ಇಲ್ಲ. ಸಂಜೆ ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಸಾಲಾಗಿ ನೇತಾಡುತ್ತ ನಿದ್ದೆ ಮಾಡುತ್ತವೆ. ಆದ್ದರಿಂದ ಒಣಗಿದ ಕಡ್ಡಿಯನ್ನೆಲ್ಲ ಕತ್ತರಿಸಿ ಅಂದ ಮಾಡಬೇಡಿ. ಕರಿದುಂಬಿಗೆ ಒಣ ಕೊಂಬೆ ಅಥವಾ ಬಿದಿರಿನ ತುಂಡು ಸಾಕು. ದುಂಬಿಯನ್ನು ಕಂಡ ಕೂಡಲೇ ಪೊರಕೆ ಎತ್ತುವವರೇ ಜಾಸ್ತಿ. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದು ಹಿಂಸೆ ಮಾಡದಿದ್ದರೆ ಕುಟುಕುವುದಿಲ್ಲ. ನುಗ್ಗೆ ಹೂವಿಗೂ ಅದರ ನೆರವು ದೊಡ್ಡದು.

ಇನ್ನು ಹೂಗಳು. ತುಳಸಿ, ಕಾಮಕಸ್ತೂರಿ, ತುಂಬೆ ಮಕರಂದಕ್ಕೆ ಸಾಕು. ನರ್ಸರಿಯ ಸುತ್ತುಸುತ್ತು ಎಸಳಿನ ದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿ ಹೋಗಿರುತ್ತವೆ. ಲಂಟಾನವಂತೂ ಬೇಡವೇ ಬೇಡ, ಅದು ಕಾಡು ನುಂಗುವ ಕಳೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ತಂಗಟೆ, ಕೆಲವರು ಆವರಿಕೆ ಅನ್ನುತ್ತಾರೆ. ಹಿಂದೆ ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಚಿತ್ರದುರ್ಗದ ಕಲ್ಲು ನೆಲದಲ್ಲಿ ಯಾರೂ ನೀರು ಹಾಕದೆ ಹಳದಿಯಾಗಿ ನಿಲ್ಲುವ ಗಿಡ, ದೀಪಾವಳಿಗೆ ಮನೆಗೆ ತರುವ ಹೂ.

ಇದರ ಕೇಸರಗಳಿಗೂ ತುದಿಯಲ್ಲಿ ತೂತು, ಮಕರಂದ ಇಲ್ಲ. ಮಜಾ ಅಂದರೆ ಕೇಸರಗಳು ಒಂದೇ ಅಳತೆಯವಲ್ಲ. ನಡುವಿನ ಗಿಡ್ಡ ಕೇಸರಗಳ ಪರಾಗ ಜೇನಿನ ಊಟಕ್ಕೆ. ಜೇನು ಅವನ್ನು ಅದುರಿಸುತ್ತಿರುವಾಗ ಉದ್ದ ಕೇಸರಗಳು ಅದಕ್ಕೆ ಕೈಕಾಲು ಎಟುಕದ ಜಾಗಕ್ಕೆ ಪರಾಗ ಉದುರಿಸುತ್ತವೆ, ಅದು ಮುಂದಿನ ಹೂವಿಗೆ. ಒಂದೇ ಹೂವಿನಲ್ಲಿ ಎರಡು ಥರದ ಕೇಸರ ಯಾಕೆ ಅಂತ ಡಾರ್ವಿನ್ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಈ ಊಟ-ಕೂಲಿ ವಿವರಣೆ ಕೊಟ್ಟವರು ಜರ್ಮನಿಯ ಮ್ಯುಲರ್ ಸಹೋದರರು. ತಂಗಟೆ ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ ಬಿತ್ತಿ.

ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದೊಳಗೇ ಹರಿದು ಪರಾಗಕ್ಕೂ ಸೇರುತ್ತವೆ.

ಇಷ್ಟಾದ ಮೇಲೂ ಬದನೆ ಹೂ ಉದುರಿದರೆ ಒಂದು ಪರೀಕ್ಷೆ ಮಾಡಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್ ಇದ್ದರೆ ಉದ್ದ ಕಡ್ಡಿಯ ಹೂವಿನ ಹಿಂಬದಿಗೆ ತಾಗಿಸಿ, ಕೆಳಗೆ ಮೊಬೈಲಿನ ಕಪ್ಪು ಪರದೆ ಹಿಡಿಯಿರಿ. ಹಳದಿ ಪುಡಿ ಬೀಳುವುದು ಕಾಣುತ್ತದೆ. ಹೀಗೆ ಕೆಲವು ಹೂಗಳನ್ನು ಅದುರಿಸಿ ದಾರ ಕಟ್ಟಿ, ಕೆಲವನ್ನು ಹಾಗೇ ಬಿಡಿ. ದಾರ ಕಟ್ಟಿದವು ಮಾತ್ರ ಕಾಯಿ ಹಿಡಿದರೆ ನಿಮ್ಮ ಹಿತ್ತಲಿಗೆ ಅಲ್ಲಾಡಿಸುವ ಜೇನು ಬರುತ್ತಿಲ್ಲ. ಎರಡೂ ಉದುರಿದರೆ ಕಾರಣ ಹೆಚ್ಚಾಗಿ ಬಿಸಿಲು ಅಥವಾ ನೀರಿನದು. ಏಪ್ರಿಲ್ ಬಿಸಿಲಿಗೆ ಪರಾಗವೇ ಕೆಡುತ್ತದೆ. ಆಗ ಮಧ್ಯಾಹ್ನ ನೆರಳು ಮಾಡಿ, ಮುಂಗಾರಿನವರೆಗೆ ಕಾಯಿರಿ.