ಇಷ್ಟು ಚಂದದ ಪ್ರಾಜೆಕ್ಟಿಗೆ 20ಕ್ಕೆ ಬರೀ 13 ಯಾಕೆ?

ಓದುಗರ ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಲಿಟರೇಚರ್ ಪ್ರಾಜೆಕ್ಟಿಗೆ ಅಂತ ವಾರಗಟ್ಟಲೆ ಕೂತಿದ್ದಾಳೆ, ಕಲರ್ ಪ್ರಿಂಟ್, ಲೇಖಕರ ಫೋಟೋ, ಬಾರ್ಡರ್, ಸ್ಪೈರಲ್ ಬೈಂಡಿಂಗ್ ಎಲ್ಲ ಉಂಟು. ಬಂದದ್ದು 20ಕ್ಕೆ 13. ಅವಳ ಫ್ರೆಂಡ್ ನಾಲ್ಕೇ ಪೇಜ್ ಕೈಯಲ್ಲಿ ಬರೆದು ಕೊಟ್ಟದ್ದು, ಒಂದು ಚಿತ್ರ ಸಹ ಇಲ್ಲ, ಅವಳಿಗೆ 18. ಲ್ಯಾಂಗ್ವೇಜ್ ಪ್ರಾಜೆಕ್ಟಿಗೆ ಮಾರ್ಕ್ಸ್ ಹಾಕುವುದು ಹೇಗೆ ಮಾರಾಯ್ರೆ, ಟೀಚರ್ ಮೂಡ್ ನೋಡಿಯಾ? (ಒಬ್ಬ ತಾಯಿ, ಥಾಣೆ)

ಉತ್ತರ: ಮೂಡ್ ಅಂತ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಟೀಚರೂ ಮನುಷ್ಯರೇ, ಒಂದು ಸೆಕ್ಷನ್ನಿನ ಅಷ್ಟೂ ಫೈಲು ಒಂದೇ ಸಂಜೆ ನೋಡಿದ್ರೆ ಕೊನೆಗೆ ಬಂದವರಿಗೆ ಸ್ವಲ್ಪ ಏರುಪೇರು ಆಗ್ತದೆ. ಆದ್ರೆ 13 ಮತ್ತು 18ರ ನಡುವಿನ ಅಂತರ ಮೂಡಿನದ್ದಲ್ಲ ಅಂತ ನನ್ನ ಅನಿಸಿಕೆ. ಬಾರ್ಡರಿಗೆ, ಫೋಟೋಕ್ಕೆ, ಬೈಂಡಿಂಗಿಗೆ ಲಿಟರೇಚರ್ ಪ್ರಾಜೆಕ್ಟಲ್ಲಿ ಮಾರ್ಕ್ಸ್ ಹೆಚ್ಚುಕಮ್ಮಿ ಇಲ್ಲ, ಪ್ರೆಸೆಂಟೇಶನ್ ಅಂತ ಒಂದು ಕಾಲಂ ಇದ್ರೂ ಅದು ಸಣ್ಣದು. ಉಳಿದ ದೊಡ್ಡ ಪಾಲು ಮಗು ಪಾಠವನ್ನು ಓದಿ ಅದರಲ್ಲಿ ಏನು ಕಂಡಿತು, ಕಂಡದ್ದಕ್ಕೆ ಪಾಠದ ಒಳಗಿಂದಲೇ ಏನು ಸಾಕ್ಷಿ ತೋರಿಸಿತು, ಅದನ್ನು ಯಾವ ಕ್ರಮದಲ್ಲಿ ಜೋಡಿಸಿತು, ಭಾಷೆ ಹೇಗುಂಟು ಅನ್ನುವುದಕ್ಕೆ. ನಾಲ್ಕು ಪೇಜಲ್ಲಿ ಆ ಹುಡುಗಿ ಇದನ್ನು ಮಾಡಿರಬೇಕು. ನಿಮ್ಮ ಮಗಳ ಫೈಲ್ ತೆಗೆದು ನೋಡಿ, ಲೇಖಕರು ಎಲ್ಲಿ ಹುಟ್ಟಿದ್ರು, ಯಾವ ಪ್ರಶಸ್ತಿ ಬಂತು, ಕತೆಯ ಸಾರಾಂಶ, ಪಾತ್ರಗಳ ಪಟ್ಟಿ, ಇಷ್ಟರಲ್ಲೇ ಮುಕ್ಕಾಲು ಪೇಜುಗಳು ಮುಗಿದು ಹೋಗಿದ್ರೆ 13 ಬಂದದ್ದು ನ್ಯಾಯವೇ.

ಒಂದು ಉದಾಹರಣೆ ಕೊಡ್ತೇನೆ, ಇದು ನಾನೇ ಕಟ್ಟಿದ್ದು, ಯಾವ ಪಾಠಪುಸ್ತಕದ್ದೂ ಅಲ್ಲ. ಒಂದು ಕತೆ ಅಂತ ಇಟ್ಕೊಳ್ಳಿ, ಕುಂದಾಪುರ ಕಡೆಯ ಒಬ್ಬ ಹುಡುಗ ಮುಂಬೈಗೆ ಬಂದು ಅಲ್ಲಿಯ ಫೋರ್ಟ್ ಏರಿಯಾದ ಹೋಟ್ಲಲ್ಲಿ ಕಪ್ಪುಬಸಿ ತೊಳೆಯುವ ಕೆಲಸಕ್ಕೆ ಸೇರಿದ್ದಾನೆ, ರಾತ್ರಿ ಅಮ್ಮನಿಗೆ ಕಾಗದ ಬರೀತಾನೆ, "ಇಲ್ಲಿ ಊಟಕ್ಕೆ ಏನೂ ಕಮ್ಮಿ ಇಲ್ಲ" ಅಂತ. ಅದಕ್ಕಿಂತ ಎರಡು ಪ್ಯಾರಾ ಮೊದಲೇ ಕತೆಯಲ್ಲಿ ಬಂದಿರ್ತದೆ, ಅವತ್ತು ಅನ್ನ ಖಾಲಿಯಾಗಿ ಅವನು ಎರಡು ಪಾವ್ ತಿಂದು ನೀರು ಕುಡಿದದ್ದು.

ಈಗ ಮೂವರು ಮಕ್ಕಳು ಇದರ ಮೇಲೆ ಬರೀತಾರೆ. ಒಬ್ಬ: "ಹುಡುಗ ಅಮ್ಮನಿಗೆ ಕಾಗದ ಬರೆಯುತ್ತಾನೆ, ಊಟ ಚೆನ್ನಾಗಿದೆ ಎಂದು ತಿಳಿಸುತ್ತಾನೆ." ಇದು ಸರಿಯೇ, ತಪ್ಪು ಒಂದೂ ಇಲ್ಲ, ಆದ್ರೆ ಕತೆಯನ್ನು ತಿರುಗಿ ಹೇಳಿದ್ದು ಅಷ್ಟೇ. ಎರಡನೆಯವಳು: "ಹುಡುಗ ಸುಳ್ಳು ಹೇಳುತ್ತಾನೆ, ಏಕೆಂದರೆ ಅಮ್ಮನಿಗೆ ಬೇಸರ ಆಗಬಾರದು." ಇಲ್ಲಿ ಕಾರಣ ಬಂತು, ಒಂದು ಮೆಟ್ಟಲು ಮೇಲೆ. ಮೂರನೆಯವಳು ಹೀಗೆ: "ಪಾವ್ ತಿಂದ ವಿಷಯವನ್ನು ಲೇಖಕರು ಕಾಗದಕ್ಕಿಂತ ಮೊದಲೇ ನಮಗೆ ಹೇಳಿಬಿಟ್ಟಿದ್ದಾರೆ, ಹಾಗಾಗಿ ಕಾಗದ ಓದುವಾಗ ಅಮ್ಮನಿಗೆ ಗೊತ್ತಿಲ್ಲದ್ದು ಓದುಗರಿಗೆ ಗೊತ್ತಿರುತ್ತದೆ. ಹುಡುಗ ಎಲ್ಲೂ ಅಳುವುದಿಲ್ಲ, ಆದರೂ ನಮಗೆ ಸಂಕಟ ಆಗುವುದು ಈ ಜೋಡಣೆಯಿಂದ." ಇದು ವಿಶ್ಲೇಷಣೆ. ಕತೆಯಲ್ಲಿ ಏನಾಯ್ತು ಅನ್ನುವುದನ್ನು ಬಿಟ್ಟು, ಲೇಖಕರು ಏನು ಮಾಡಿದ್ರು, ಅದರಿಂದ ಓದುವವರಿಗೆ ಏನಾಯ್ತು ಅನ್ನುವಲ್ಲಿಗೆ ಬಂದಿದ್ದಾಳೆ, ಪಾವ್ ಬರುವ ಪ್ಯಾರಾವನ್ನು ಸಾಕ್ಷಿಗೆ ನಿಲ್ಲಿಸಿದ್ದಾಳೆ. ಟೀಚರ್ ಕೈಯಲ್ಲಿ ಯಾವ ಬೋರ್ಡಿನ ರೂಬ್ರಿಕ್ (ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ಬರೆದಿಟ್ಟ ಪಟ್ಟಿ) ಇದ್ರೂ ಮೂರನೆಯವಳು ಮೇಲಿನ ಸಾಲಿಗೆ ಹೋಗ್ತಾಳೆ, ಅವಳ ಫೈಲಿಗೆ ಪ್ಲಾಸ್ಟಿಕ್ ಕವರ್ ಇಲ್ಲದಿದ್ರೂ.

ಬೋರ್ಡ್ ಯಾವುದು ಅನ್ನುವುದು ನೀವು ಬರೆದಿಲ್ಲ, ಅದೂ ಮುಖ್ಯ. ಮುಂಬೈಯಲ್ಲಿ ಒಂದೇ ಬಿಲ್ಡಿಂಗಿನ ನಾಲ್ಕು ಮಾಳಿಗೆಯಲ್ಲಿ ನಾಲ್ಕು ಬೋರ್ಡಿನ ಮಕ್ಕಳಿರ್ತಾರೆ, ಲಿಫ್ಟಲ್ಲಿ ಸಿಕ್ಕಿದಾಗ ಅಮ್ಮಂದಿರು ಮಾರ್ಕ್ಸ್ ಹೋಲಿಸ್ತಾರೆ, ಅಲ್ಲಿಂದಲೇ ಅರ್ಧ ತಲೆನೋವು ಶುರು. ಮಹಾರಾಷ್ಟ್ರ ಸ್ಟೇಟ್ ಬೋರ್ಡಿನ ಎಸ್‌ಎಸ್‌ಸಿಯಲ್ಲಿ (ಹತ್ತನೇ ಕ್ಲಾಸಿನ ಪರೀಕ್ಷೆ) ಭಾಷೆಗೆ ಬರವಣಿಗೆ 80, ಶಾಲೆಯೊಳಗಿನ ಮೌಲ್ಯಮಾಪನ 20. ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) ಕನ್ನಡ ಪುಸ್ತಕ ಓದುವ ಕನ್ನಡ ಮೀಡಿಯಂ ಮಕ್ಕಳಿಗೂ ಇದೇ ಲೆಕ್ಕ. ಸಿಬಿಎಸ್‌ಇಯಲ್ಲಿಯೂ 80-20, ಆದ್ರೆ ಆ 20 ನಾಲ್ಕು ತುಂಡು, ಆಗಾಗ ಇಡುವ ಪೀರಿಯಾಡಿಕ್ ಟೆಸ್ಟಿಗೆ 5, ಬೇರೆ ಬೇರೆ ರೀತಿ ಪರೀಕ್ಷಿಸುವ ಮಲ್ಟಿಪಲ್ ಅಸೆಸ್‌ಮೆಂಟಿಗೆ 5, ಪೋರ್ಟ್‌ಫೋಲಿಯೋಕ್ಕೆ (ಮಗುವಿನ ಕೆಲಸ ಜೋಡಿಸಿಟ್ಟ ಫೈಲು) 5, ಸಬ್ಜೆಕ್ಟ್ ಎನ್‌ರಿಚ್‌ಮೆಂಟಿಗೆ 5, ಭಾಷೆಯಲ್ಲಿ ಈ ಕೊನೆಯದ್ದು ಮಾತಾಡುವುದು ಮತ್ತು ಕೇಳಿಸಿಕೊಳ್ಳುವುದು. ಅಂದ್ರೆ ಅಲ್ಲಿ ಒಂದು ಫೈಲಿಗೇ 20 ಸಿಗುವ ಮಾತಿಲ್ಲ.

ಲಿಟರೇಚರ್ ಪ್ರಾಜೆಕ್ಟ್, 20ಕ್ಕೆ ಅಂದ್ರೆ ನಿಮ್ಮದ್ದು ಐಸಿಎಸ್‌ಇ ಇರಬಹುದು ಅಂತ ನನ್ನ ಊಹೆ. ಅಲ್ಲಿ ಹತ್ತನೇ ಕ್ಲಾಸಿನ ಇಂಗ್ಲಿಷ್ ಲಿಟರೇಚರಿಗೆ ಪೇಪರ್ 80, ಇಂಟರ್ನಲ್ 20, ಆ 20ರಲ್ಲಿ 10 ಮಾರ್ಕ್ಸ್ ಆ ಸಬ್ಜೆಕ್ಟ್ ಕಲಿಸುವ ಟೀಚರ್ ಕೊಡುವುದು, 10 ಎಕ್ಸ್‌ಟರ್ನಲ್ ಎಕ್ಸಾಮಿನರ್. ಎಕ್ಸ್‌ಟರ್ನಲ್ ಅಂದ ಕೂಡ್ಲೇ ದೆಹಲಿಯಿಂದ ಯಾರೋ ಬರ್ತಾರೆ ಅಂತ ಹೆದರ್ಬೇಡಿ, ಪ್ರಿನ್ಸಿಪಾಲ್ ನೇಮಿಸುವವರು, ಅದೇ ಶಾಲೆಯವರೂ ಆಗಬಹುದು, ಆ ಕ್ಲಾಸಿಗೆ ಆ ಸಬ್ಜೆಕ್ಟ್ ಕಲಿಸುವವರು ಆಗಬಾರದು ಅಷ್ಟೇ. ಒಂಬತ್ತರಲ್ಲಿ ಶಾಲೆಗಳು ಸಾಮಾನ್ಯವಾಗಿ ಇದೇ ಅಚ್ಚಿನಲ್ಲಿ ರೂಢಿ ಮಾಡಿಸ್ತವೆ. ಈ ಎಕ್ಸ್‌ಟರ್ನಲ್ ಎಕ್ಸಾಮಿನರಿಗೆ ನಿಮ್ಮ ಮಗಳು ಎಷ್ಟು ಕಷ್ಟಪಟ್ಟಳು, ಕ್ಲಾಸಲ್ಲಿ ಎಷ್ಟು ಚುರುಕು, ಏನೂ ಗೊತ್ತಿಲ್ಲ, ಅವರ ಮುಂದೆ ಇರುವುದು ಕಾಗದದ ಮೇಲೆ ಇರುವುದಷ್ಟೇ.

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಅನ್ನುವ ಅಂತಾರಾಷ್ಟ್ರೀಯ ಬೋರ್ಡ್) ಶಾಲೆ ಆದ್ರೆ ಕತೆಯೇ ಬೇರೆ. ಅಲ್ಲಿ ಎಂವೈಪಿ (ಮಿಡ್ಲ್ ಇಯರ್ಸ್ ಪ್ರೋಗ್ರಾಂ) ಅಂತ 11ರಿಂದ 16 ವಯಸ್ಸಿನವರಿಗೆ, ಸಬ್ಜೆಕ್ಟಿನ ಹೆಸರೇ ಲ್ಯಾಂಗ್ವೇಜ್ ಆಂಡ್ ಲಿಟರೇಚರ್, ನಾಲ್ಕು ಕ್ರೈಟೀರಿಯಾ, ಅಂದ್ರೆ ಮಾನದಂಡ: ವಿಶ್ಲೇಷಣೆ, ಜೋಡಣೆ, ಬರಹ ತಯಾರಿಸುವುದು, ಭಾಷೆಯ ಬಳಕೆ. ಒಂದೊಂದಕ್ಕೂ 8, ಒಟ್ಟು 32. ನಾಲ್ಕೂ ಕ್ರೈಟೀರಿಯಾ ವರ್ಷಕ್ಕೆ ಕಮ್ಮಿ ಅಂದ್ರೂ ಎರಡೆರಡು ಸಲ ನೋಡ್ಬೇಕು, ಆದ್ರೆ ಒಂದೇ ಪ್ರಾಜೆಕ್ಟಲ್ಲಿ ನಾಲ್ಕೂ ಇರಬೇಕು ಅಂತ ಇಲ್ಲ. ಮಗಳು 8ಕ್ಕೆ 5 ತಂದ ಕೂಡ್ಲೇ ನಮ್ಮವರು ಮೊಬೈಲಲ್ಲಿ ಭಾಗಾಕಾರ ಮಾಡಿ "62 ಪರ್ಸೆಂಟ್, ಫಸ್ಟ್ ಕ್ಲಾಸಿಗೆ ಜಸ್ಟ್ ಪಾಸ್" ಅಂತಾರೆ. ಹಾಗೆ ಲೆಕ್ಕ ಹಾಕುವ ಸಿಸ್ಟಂ ಅಲ್ಲ ಅದು. ಪ್ರತಿ ಲೆವೆಲ್ಲಿಗೂ ಒಂದು ವರ್ಣನೆ ಬರೆದಿರ್ತಾರೆ, ಮಗುವಿನ ಕೆಲಸಕ್ಕೆ ಯಾವ ವರ್ಣನೆ ಜಾಸ್ತಿ ಹೊಂದ್ತದೆ ಅಂತ ನೋಡಿ ನಂಬರ್ ಇಡುವುದು, ವರ್ಷದ ಕೊನೆಗೂ ಎಲ್ಲ ಕೂಡಿಸಿ ಸರಾಸರಿ ತೆಗೆಯುವುದಿಲ್ಲ, ಮಗು ಈಗ ಎಲ್ಲಿಗೆ ಬಂದು ನಿಂತಿದೆ ಅಂತ ನೋಡ್ತಾರೆ. ನಾಲ್ಕರಲ್ಲೂ ಸೇರಿ 19ರಿಂದ 23 ಆದ್ರೆ ಗ್ರೇಡ್ 5, 24ರಿಂದ 27ಕ್ಕೆ 6, 28 ಮುಟ್ಟಿದ್ರೆ 7, ಅದೇ ಟಾಪ್. ಅಂದ್ರೆ ನಾಲ್ಕರಲ್ಲೂ ಏಳೇಳು ಬಂದ್ರೆ ಸಾಕು ಅತ್ಯುತ್ತಮಕ್ಕೆ, ಎಂಟೆಂಟೇ ಬೇಕು ಅಂತ ಅಳುವ ಅವಶ್ಯ ಇಲ್ಲ.

ನನಗೆ ಇದೆಲ್ಲದರಲ್ಲಿ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಪರೀಕ್ಷಾ ಮಂಡಳಿ ಕೇಂಬ್ರಿಜಿನ ಹತ್ತನೇ ಕ್ಲಾಸ್ ಮಟ್ಟದ ಪರೀಕ್ಷೆ ಐಜಿಸಿಎಸ್‌ಇಯ ಒಂದು ನಿಯಮ. ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷಲ್ಲಿ ಎರಡನೇ ಪರೀಕ್ಷೆಯ ಬದಲು ಕೋರ್ಸ್‌ವರ್ಕ್ ಆಯ್ಕೆ ಮಾಡುವ ಶಾಲೆಗಳಲ್ಲಿ ಮೂರು ಬರಹ ಕೊಡ್ಬೇಕು, ಒಂದೊಂದೂ 500ರಿಂದ 800 ಶಬ್ದ, ಇಡೀ ಸಬ್ಜೆಕ್ಟಿನ ಅರ್ಧ ತೂಕ ಅದಕ್ಕೆ. ಮೂರರಲ್ಲಿ ಒಂದರ ಮೊದಲ ಡ್ರಾಫ್ಟ್ ಜೊತೆಗೆ ಲಗತ್ತಿಸಲೇಬೇಕು. ಟೀಚರ್ ಡ್ರಾಫ್ಟ್ ನೋಡಿ "ಇಲ್ಲಿ ವಾದ ಸಡಿಲ ಆಗಿದೆ, ಯೋಚಿಸು" ಅನ್ನಬಹುದು, ಸಾಲು ಸಾಲು ತಿದ್ದಿ ಕೊಡುವ ಹಾಗಿಲ್ಲ. ಆಮೇಲೆ ಶಾಲೆ ಕೊಟ್ಟ ಮಾರ್ಕ್ಸನ್ನು ಕೇಂಬ್ರಿಜಿನವರು ಸ್ಯಾಂಪಲ್ ತರಿಸಿ ಪರಿಶೀಲಿಸ್ತಾರೆ. ಮೊದಲ ಡ್ರಾಫ್ಟ್ ಕೇಳಿದ್ರೆ ಅಪ್ಪ ಬರೆದು ಕೊಟ್ಟದ್ದು, ಟ್ಯೂಷನ್ ಸರ್ ಬರೆದು ಕೊಟ್ಟದ್ದು, ಚಾಟ್‌ಜಿಪಿಟಿ ಬರೆದು ಕೊಟ್ಟದ್ದು ಎಲ್ಲ ಸುಲಭದಲ್ಲಿ ಗೊತ್ತಾಗ್ತದೆ, ಯಾಕಂದ್ರೆ ಹದಿನಾಲ್ಕು ವರ್ಷದ ಮಗು ಗೀಚಿ ಹೊಡೆದು ಪುನಃ ಬರೆದದ್ದರ ಚಹರೆಯೇ ಬೇರೆ. ಎಐ ಬಗ್ಗೆ ಹೇಳಿದ್ರೆ, ಐಬಿಯವರು 2023ರಲ್ಲೇ ಸ್ಪಷ್ಟ ಮಾಡಿದ್ದಾರೆ, ನಿಷೇಧ ಇಲ್ಲ, ಆದ್ರೆ ಅಲ್ಲಿಂದ ತೆಗೊಂಡದ್ದನ್ನು ಬೇರೆ ಯಾವ ಆಕರದ ಹಾಗೆಯೇ ತೋರಿಸ್ಬೇಕು, ತನ್ನದು ಅಂತ ಕೊಟ್ರೆ ಅದು ಕಳ್ಳತನ. ಬೇರೆ ಬೋರ್ಡಿನ ಟೀಚರ್‌ಗಳ ಹತ್ರ ಇರುವ ಅಸ್ತ್ರ ಅಂದ್ರೆ ವೈವಾ, ಬಾಯಿಮಾತಿನ ಪರೀಕ್ಷೆ. "ಈ ಪ್ಯಾರಾದಲ್ಲಿ ಹೀಗೆ ಯಾಕೆ ಬರೆದೆ?" ಅಂತ ಒಂದೇ ಪ್ರಶ್ನೆ. ಎರಡು ನಿಮಿಷ ಸಾಕು.

ಹಾಗಾದ್ರೆ ಶಾಲೆಯವರು ಕೊಡುವ ಇಂಟರ್ನಲ್ ಮಾರ್ಕ್ಸ್ ಎಲ್ಲ ಸತ್ಯವಾ? ಇದಕ್ಕೆ ನಮ್ಮ ಸ್ಟೇಟ್ ಬೋರ್ಡಿನ ಇತಿಹಾಸ ನೋಡ್ಬೇಕು. 2019ರ ಎಸ್‌ಎಸ್‌ಸಿಗೆ ಭಾಷೆಯ ಆ 20 ಮಾರ್ಕ್ಸ್ ತೆಗೆದುಹಾಕಿದ್ರು, ಪೂರ್ತಿ 100ಕ್ಕೆ ಪೇಪರ್. ಹಿಂದಿನ ವರ್ಷ 89.41 ಇದ್ದ ಪಾಸ್ ಪರ್ಸೆಂಟ್ ಸೀದಾ 77.10ಕ್ಕೆ ಬಂತು. ಸಿಲೆಬಸ್ಸೂ ಅದೇ ವರ್ಷ ಹೊಸದು, ಹಾಗಾಗಿ ಎಲ್ಲ ಪಾಪ ಆ 20ರ ತಲೆಗೆ ಕಟ್ಟುವುದು ಸರಿಯಲ್ಲ, ಆದ್ರೂ ಪೋಷಕರು, ಶಾಲೆಗಳು ಎಲ್ಲ ಗಲಾಟೆ ಎಬ್ಬಿಸಿ ಮರುವರ್ಷಕ್ಕೆ 20 ವಾಪಸ್ ಬಂತು, 2020ರಲ್ಲಿ ಪಾಸಾದವರು 95.30 ಪರ್ಸೆಂಟ್. ಇದರಿಂದ ನಾನು ತಿಳ್ಕೊಂಡದ್ದು, ತುಂಬ ಕಡೆ ಇಂಟರ್ನಲ್ ಅಂದ್ರೆ ಪ್ರಸಾದದ ಹಾಗೆ ಹಂಚಿಬಿಡ್ತಾರೆ, ಕೈ ಚಾಚಿದವರಿಗೆಲ್ಲ 18, 19. ಅದನ್ನು ನೋಡಿ ನೋಡಿ ನಮಗೆ 13 ಅಂದ್ರೆ ಅವಮಾನ ಅನಿಸ್ತದೆ. ನಿಮ್ಮ ಮಗಳಿಗೆ 13 ಕೊಟ್ಟ ಟೀಚರ್ ಫೈಲ್ ಓದಿದ್ದಾರೆ, ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಕೇಳದಿದ್ರೂ ಹೇಳ್ತೇನೆ. 2020ರ ಕಾನೂನು ಬಂದ ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದ್ರೂ ಮರಾಠಿ ಕಡ್ಡಾಯ, ಹಾಗಾಗಿ ನಮ್ಮ ಕನ್ನಡದ ಮನೆಗಳಲ್ಲಿ ಇಂಗ್ಲಿಷಿಗಿಂತ ಮರಾಠಿ ಪ್ರಾಜೆಕ್ಟಿಗೇ ಜಾಸ್ತಿ ಗಡಿಬಿಡಿ, ಅಪ್ಪಂಗೆ ಗಲ್ಲಾಪೆಟ್ಟಿಗೆ ಹತ್ರ ಕೂತು ವ್ಯಾಪಾರ ಮಾಡುವಷ್ಟು ಮರಾಠಿ ಬರ್ತದೆ, ನಿಬಂಧ ಬರೆಯುವಷ್ಟು ಬರುವುದಿಲ್ಲ. ಇಲ್ಲಿ ಮಕ್ಕಳು ಇಂಟರ್ನೆಟ್ಟಿಂದ ಇಳಿಸಿದ ಸಂತರ ಚರಿತ್ರೆ ಅಂಟಿಸಿ ಕೊಡ್ತಾರೆ, ಟೀಚರ್ ಪ್ರತಿ ವರ್ಷ ಅದೇ ನಾಲ್ಕು ಪೇಜ್ ನೋಡಿ ಬೇಸತ್ತಿರ್ತಾರೆ. ಅದರ ಬದಲು ಮನೆಯ ಅಜ್ಜನ ಹತ್ರ ಕೂತು, ನೀವು ಮುಂಬೈಗೆ ಬಂದಾಗ ಹಗಲು ಹೋಟ್ಲು, ರಾತ್ರಿ ಕನ್ನಡ ನೈಟ್ ಸ್ಕೂಲ್ ಅಂತಿದ್ರಲ್ಲ, ಮರಾಠಿ ಎಲ್ಲಿ ಯಾರಿಂದ ಕಲಿತ್ರಿ ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರ್ಕೊಂಡು, ಪಾಠದಲ್ಲಿ ಬಂದ ವಲಸೆಯ ಕತೆಯ ಜೊತೆ ಇಟ್ಟು ನೋಡಿದ್ರೆ ಭಾಷೆಯಲ್ಲಿ ನಾಲ್ಕು ತಪ್ಪಿದ್ರೂ ಯೋಚನೆಗೆ ಪೂರ್ತಿ ಮಾರ್ಕ್ಸ್ ಬರುವ ಸಾಧ್ಯತೆ ಉಂಟು. ಬರೀ ಸಂದರ್ಶನ ಟೈಪ್ ಮಾಡಿ ಕೊಟ್ರೆ ಮತ್ತೆ ಕತೆ ತಿರುಗಿ ಹೇಳಿದ ಆ ಮೊದಲನೆಯವನ ಸಾಲಿಗೇ, ಅದು ನೆನಪಿರಲಿ, ಹೋಲಿಸಿ ನೋಡಿದ ಭಾಗವೇ ಪ್ರಾಜೆಕ್ಟ್.

ಗ್ರೂಪ್ ಪ್ರಾಜೆಕ್ಟ್ ಆದ್ರೆ ಯಾರು ಯಾವ ಭಾಗ ಮಾಡಿದ್ದು ಅಂತ ಮೊದಲ ಪೇಜಲ್ಲೇ ಬರೆಸಿ. ಇಲ್ಲದಿದ್ರೆ ಕೆಲಸ ಮಾಡಿದವಳಿಗೂ ಕ್ರಾಫರ್ಡ್ ಮಾರ್ಕೆಟಿಂದ ಗ್ಲಿಟರ್ ತಂದು ಕೊಟ್ಟವನಿಗೂ ಒಂದೇ ಮಾರ್ಕ್ಸ್.

ಈಗ ನೀವು ಮಾಡಬಹುದಾದ್ದು. ಟೀಚರ್ ಹತ್ರ ಹೋಗಿ "ಯಾಕೆ 13" ಅಂತ ಕೇಳ್ಬೇಡಿ, ಹಾಗೆ ಕೇಳಿದ್ರೆ ಅವರು ಡಿಫೆನ್ಸಿಗೆ ಹೋಗ್ತಾರೆ. ರೂಬ್ರಿಕ್ ಅಥವಾ ಮಾರ್ಕಿಂಗ್ ಸ್ಕೀಮ್ ಕೇಳಿ, ಅದರ ಯಾವ ಸಾಲಲ್ಲಿ ಎಷ್ಟು ಹೋಯ್ತು ಅಂತ ಮಗಳೇ ಕೇಳಲಿ, ನೀವು ಪಕ್ಕದಲ್ಲಿ ಕೂತ್ರೆ ಸಾಕು. ಮುಂದಿನ ಪ್ರಾಜೆಕ್ಟಿಗಂತೂ ಶುರು ಮಾಡುವ ಮೊದಲೇ ಅದು ಅವಳ ಕೈಯಲ್ಲಿರಬೇಕು, ಕೊಡುವುದಿಲ್ಲ ಅನ್ನುವ ಶಾಲೆಗಳು ಕಮ್ಮಿ, ಕೇಳುವ ಪೋಷಕರೇ ಕಮ್ಮಿ. ಕೂಡಿಸುವುದರಲ್ಲಿ ತಪ್ಪಾಗಿದ್ರೆ ಅಥವಾ ಒಂದು ಪೇಜ್ ನೋಡದೆ ಬಿಟ್ಟಿದ್ರೆ ಅದನ್ನು ಆವಾಗಲೇ ಹೇಳಿ. ಹತ್ತನೇ ಕ್ಲಾಸಲ್ಲಿ ಶಾಲೆಯಿಂದ ಇಂಟರ್ನಲ್ ಮಾರ್ಕ್ಸ್ ಬೋರ್ಡಿನ ಪೋರ್ಟಲಿಗೆ ಹೋದ ಮೇಲೆ ಬದಲಾಯಿಸುವುದು ಭಾರೀ ಕಷ್ಟ, ಒಂಬತ್ತರಲ್ಲಿ ಆ ತೊಂದರೆ ಇಲ್ಲ, ರಿಪೋರ್ಟ್ ಕಾರ್ಡ್ ಪ್ರಿಂಟ್ ಆಗುವ ತನಕ ಟೈಮ್ ಉಂಟು.