ವಿನ್ಯಾಸ ಶುರುವಾಗುವುದು ಹಾಸಿನಲ್ಲಿ

ಟೆಕ್ಸ್‌ಟೈಲ್ ಡಿಸೈನ್ ಓದಿ ಬಾಗಲಕೋಟೆ ಜಿಲ್ಲೆಯ ಇಳಕಲ್‌ಗೆ ಬರುವ ಹುಡುಗ ಹುಡುಗಿಯರ ಬ್ಯಾಗಿನಲ್ಲಿ ಸ್ಕೆಚ್ ಪುಸ್ತಕ ಇದ್ದೇ ಇರುತ್ತದೆ. ಕೈಮಗ್ಗ ಅಂದಮೇಲೆ ಪರಿಸರಕ್ಕೆ ಒಳ್ಳೆಯದೇ, ನಾವು ಹೊಸ ಚಿತ್ತಾರ ಕೊಟ್ಟರೆ ಆಯ್ತು ಅನ್ನುವುದು ಅವರ ಲೆಕ್ಕ. ಆದರೆ ನೂಲು ಎಷ್ಟು ಹಾಳಾಗುತ್ತದೆ, ಬಟ್ಟೆ ಎಷ್ಟು ಕಾಲ ಬಾಳುತ್ತದೆ, ನೇಕಾರರ ಕೈಗೆ ಎಷ್ಟು ಬರುತ್ತದೆ ಎಂಬುದೆಲ್ಲ ಹಾಸು, ಅಂದರೆ ಮಗ್ಗದ ಮೇಲಿನ ಉದ್ದ ಎಳೆಗಳನ್ನು, ಹೂಡುವ ಹೊತ್ತಿಗೇ ಹೆಚ್ಚುಕಮ್ಮಿ ತೀರ್ಮಾನವಾಗಿರುತ್ತದೆ.

ಇಳಕಲ್ ಸೀರೆಯನ್ನೇ ನೋಡಿ. ಸಾಮಾನ್ಯವಾಗಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡಕ್ಕೂ ಹಾಸು ಬೇರೆ ಬೇರೆ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ತೋಪತೆನೆ ಅನ್ನುತ್ತಾರೆ. ಹಾಗಾಗಿ ಒಂದು ಸೀರೆಗೆ ಬೇಕಾದಷ್ಟೇ ಹಾಸು: 6, 8 ಅಥವಾ 9 ಗಜ. ಇನ್ನು ದಡಿಯಲ್ಲಿ ಅಪ್ಪಟ ಬಣ್ಣ ಬರಬೇಕೆಂದರೆ ಮೂರು ಲಾಳಿ ಓಡಬೇಕು. ಎರಡು ದಡಿಗೆ ಎರಡು, ಒಡಲಿಗೆ ಒಂದು. ಲಾಳಿ ಅಡ್ಡಕ್ಕೆ ಒಯ್ಯುವ ಹೊಕ್ಕಿನ ಎಳೆಗಳು ಸೇರುವ ಕಡೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಈ ಸೀರೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಎನ್ನುವ ಭೌಗೋಳಿಕ ಗುರುತು, ಸಿಕ್ಕಿದೆ.

ಇಷ್ಟು ನಿಧಾನವಾದರೆ ವ್ಯಾಪಾರ ಹೇಗೆ ಅಂತ ಕೇಳುತ್ತಾರೆ. ನನಗೆ ಇದೇ ಅನುಕೂಲ. ಹತ್ತಾರು ಸೀರೆಗಾಗುವ ಉದ್ದನೆ ಹಾಸು ಹೂಡಿದರೆ ಅಷ್ಟೂ ಸೀರೆ ಅದೇ ಬಣ್ಣದ ಹಾಸಿನಲ್ಲಿ ಬರಬೇಕು. ಮಾರಾಟವಾಗದಿದ್ದರೆ ಗಂಟು ಕಟ್ಟಿಡಬೇಕು. ಇಲ್ಲಿ ಸೀರೆಗೊಂದು ಹಾಸು. ಬೇಡಿಕೆ ಬಂದಷ್ಟೇ ನೇಯಿಸಬಹುದು, ಮುಂದಿನ ಸೀರೆಗೆ ಬಣ್ಣ ಬದಲಿಸಬಹುದು. ಉಳಿದ ಸ್ಟಾಕ್ ಅನ್ನುವ ತಲೆನೋವು ಕಡಿಮೆ. ಸುಸ್ಥಿರ ಫ್ಯಾಷನ್ ಬಗ್ಗೆ ಮಾತಾಡುವಾಗ ಸ್ಟಾಕ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅಲ್ವಾ?

ನಕಲು ಹಿಡಿಯುವ ದಾರಿಯೂ ಹಾಸಿನಲ್ಲೇ ಇದೆ. ಪವರ್‌ಲೂಮ್ ನಕಲಿನಲ್ಲಿ ಸಾಮಾನ್ಯವಾಗಿ ಒಡಲಿನ ಹಾಸೇ ಸೆರಗಿನವರೆಗೂ ಓಡುತ್ತದೆ. ಆಗ ಸೆರಗಿನ ಕೆಂಪಿನ ಕೆಳಗೆ ಒಡಲಿನ ಬಣ್ಣ ಇಣುಕಿ, ಕೆಂಪು ಮಂಕಾಗುತ್ತದೆ. ಅಸಲಿ ಸೀರೆಯ ಸೆರಗಿನ ಕೆಂಪು ಭಾಗದಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಜೋಡಣೆಯ ಜಾಗವನ್ನು ಹಿಂಬದಿಯಿಂದ ಮುಟ್ಟಿ ನೋಡಿದರೆ ಕುಣಿಕೆ ಬೆರಳಿಗೆ ಸಿಗುತ್ತದೆ.

ಕುರ್ತಾ, ಜಾಕೆಟ್ ಹೊಲಿಯುವ ಬ್ರ್ಯಾಂಡ್‌ಗಳು ಇದೇ ಸೀರೆಯನ್ನು ಕತ್ತರಿಸಲು ಕೇಳುತ್ತವೆ. ನಾನು ಒಪ್ಪುವುದಿಲ್ಲ. ಅಷ್ಟು ಕಷ್ಟಪಟ್ಟು ಜೋಡಿಸಿದ ಸೆರಗು ಕೊನೆಗೆ ಚಿಂದಿಯಾಗಿ ಉಳಿಯುತ್ತದೆ. ತೋಪತೆನೆ ಬಿಟ್ಟು ಬರೀ ಥಾನು, ಅಂದರೆ ಸೆರಗಿಲ್ಲದ ಉದ್ದನೆ ಬಟ್ಟೆ, ನೇಯಿಸಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಜೋಡಿಸುವ ಕೈಗಳಿಗೆ ಕೆಲಸ ತಪ್ಪುತ್ತದೆ. ಹೊಲಿಯುವ ಬಟ್ಟೆ ಬೇಕಿದ್ದರೆ ಅದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ ಹೋಗಿ. ಅಲ್ಲಿನ ಖಣ ಕುಪ್ಪಸಕ್ಕಾಗಿಯೇ ಹುಟ್ಟಿದ ಬಟ್ಟೆ.

ನೈಸರ್ಗಿಕ ಬಣ್ಣದ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಗಿಡದಿಂದ ಬಂದ ಮಾತ್ರಕ್ಕೆ ಅದು ನಿರಪಾಯ ಅಲ್ಲ. ಬಣ್ಣ ಹಿಡಿಸಲು ಪಟಿಕ ಹಾಕಿದ್ದಾರೋ ಕ್ರೋಮಿಯಂ ಲವಣ ಹಾಕಿದ್ದಾರೋ ಕೇಳಿ, ಕ್ರೋಮಿಯಂ ಅಂದರೆ ಬೇಡ ಅನ್ನಿ. ತೊಳೆಯಲು ನೀರೂ ಬೇಕಾದಷ್ಟು ಹೋಗುತ್ತದೆ.

ಈ ವೃತ್ತಿಗೆ ಬರುವವರು ಕಲಿಯಬೇಕಾದ ಇನ್ನೊಂದು ಲೆಕ್ಕವನ್ನು ಕಾಲೇಜಿನಲ್ಲಿ ಹೇಳಿಕೊಡುವುದು ಕಡಿಮೆ. ಎಷ್ಟೋ ನೇಕಾರರು ಮಾಲೀಕರಿಂದ ನೂಲು ತಂದು, ಸೀರೆಗಿಷ್ಟು ಎಂದು ಕೂಲಿಗೆ ನೇಯುತ್ತಾರೆ. ಹೊಸ ವಿನ್ಯಾಸ ಕೈಗೆ ಹತ್ತುವವರೆಗೆ ವೇಗ ಕುಸಿಯುತ್ತದೆ, ಆ ವಾರದ ಕೂಲಿಯೂ ಕುಸಿಯುತ್ತದೆ. "ಹೊಸದು ಬ್ಯಾಡ್ರೀ, ಹಳೇದನ್ನೇ ನೇಯ್ತೀವಿ" ಅಂದರೆ ಅದು ಹಟ ಅಲ್ಲ, ಸಂಸಾರದ ಲೆಕ್ಕ. ಹಾಗಾಗಿ ಸ್ಯಾಂಪಲ್ ನೇಯಿಸುವಾಗ ಸೀರೆ ಲೆಕ್ಕ ಬಿಟ್ಟು ದಿನಗೂಲಿ ಕೊಡಿ, ಕೆಟ್ಟ ನೂಲಿನ ಖರ್ಚನ್ನೂ ನೀವೇ ಹೊರಿ. ಗ್ರಾಹಕರಿಗೆ ಕೊಡುವ ಕೊಟೇಶನ್‌ನಲ್ಲಿ ಇದಕ್ಕೆ ಬೇರೆ ಸಾಲನ್ನೇ ಇಡಿ. ಸುಮ್ನೆ "ಇತರೆ" ಅಂತ ಬರೆದರೆ ಚೌಕಾಸಿಯಲ್ಲಿ ಮೊದಲು ಹೋಗುವುದು ಅದೇ.